ಬೇಳೆ ಬೇಯುವ ನೀರು, ಹವಳ ಬೆಳೆಯುವ ನೀರು

ಬೀದರ ಜಿಲ್ಲೆಯ ನಮ್ಮೂರು ನಿರ್ಣಾದ ಹೆಣ್ಣುಮಕ್ಕಳು ನೀರನ್ನು ತೊಗರಿಬೇಳೆಯಿಂದ ಅಳೆಯುತ್ತಿದ್ದರು. "ಈ ನೀರಿಗೆ ಬ್ಯಾಳಿ ಕುದಿಯಂಗಿಲ್ಲ" ಎಂದು ನಮ್ಮವ್ವ ಮಗ್ಗುಲಿನ ಬಾವಿಯನ್ನು ದನಗಳಿಗೆ ಬಿಟ್ಟು, ಅಡುಗೆ ನೀರಿಗೆ ದೂರದ ಬಾವಿಗೆ ಕೊಡ ಹೊತ್ತು ಹೋಗುತ್ತಿದ್ದಳು. ಮುಂದೆ ವಿಜ್ಞಾನದ ಮಾಸ್ತರನಾಗಿ ಮಕ್ಕಳಿಗೆ ಅದರ ಕಾರಣ ಹೇಳಿಕೊಟ್ಟೆ: ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಕೂಡಿ ಅದನ್ನು ಬಿಗಿ ಮಾಡುತ್ತದೆ. ಹಂಡೆಯೊಳಗೆ ಕಟ್ಟುವ ಬಿಳಿ ಪೊರೆಯೂ ಅದೇ ಸುಣ್ಣದ್ದು.

ನೀರಿನ ಗುಣ ಅದು ಹಾದುಬಂದ ಕಲ್ಲಿನದು. ಬೀದರಿನ ಎತ್ತರದ ನೆಲದಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಅದರಡಿ ಕಪ್ಪು ಬಸಾಲ್ಟ್. ಜಂಬಿಟ್ಟಿಗೆಯ ಸುಣ್ಣವನ್ನು ಯುಗಯುಗಗಳ ಮಳೆ ತೊಳೆದೊಯ್ದಿದೆ. ಅಲ್ಲಿ ಜಿನುಗುವ ನೀರು ಮೆದು. ಬಸಾಲ್ಟಿನ ಸಂದುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ಗಡಸಾಗುತ್ತದೆ. 15ನೇ ಶತಮಾನದಲ್ಲಿ ಬಹಮನಿಗಳು ಪರ್ಷಿಯಾದ ವಿದ್ಯೆ ತಂದು ನೌಬಾದಿನ ಸುರಂಗಬಾವಿ ತೋಡಿಸಿದ್ದು ಈ ಜಂಬಿಟ್ಟಿಗೆಯಲ್ಲೇ. ನೆಲದೊಳಗೆ ಇಳಿಜಾರಾಗಿ ಕೊರೆದ ಕಾಲುವೆ, ಗಾಳಿ ಬೆಳಕಿಗೆ ಸಾಲು ಬಾವಿಗಳು.

ದುಬೈಯಲ್ಲಿರುವ ನನ್ನ ಅಕ್ಕನ ಮಗ ಮನೆಯ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುತ್ತಾನೆ. (ನಮ್ಮಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಕಡಲಿನಿಂದ ಕೀಳುವಂತಿಲ್ಲ.) ಅವನದು ಅವ್ವನಿಗೆ ತಿರುಗುಮುರುಗಾದ ಚಿಂತೆ: ನೀರಲ್ಲಿ ಸುಣ್ಣ ಕಡಿಮೆಯಾಗಬಾರದು. ಕಡಲ ನೀರಲ್ಲಿ ಲೀಟರಿಗೆ ಸುಮಾರು 420 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹವಳ ತನ್ನ ಗೂಡು ಕಟ್ಟಲು ಅದನ್ನೂ ಬೈಕಾರ್ಬೊನೇಟನ್ನೂ ದಿನವೂ ಹೀರುತ್ತದೆ.

ತೊಟ್ಟಿಯ ಹವಳಕ್ಕೆ ಸುಣ್ಣ ಉಣಿಸುವ ಬಗೆ ತಿಳಿಯಲು ನೂರು ವರ್ಷದ ಮೇಲೆ ಹಿಡಿಯಿತು. 1854ರಲ್ಲಿ ಇಂಗ್ಲೆಂಡಿನ ಜೀವಿಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್ ಉಪ್ಪುಗಳನ್ನು ಬೆರೆಸಿ ಕಡಲ ನೀರು ಮಾಡಿದಾಗ ಸುಣ್ಣದ ಅಂಶವನ್ನು ಕೈಬಿಟ್ಟ. ತಳದ ಚಿಪ್ಪು, ಹವಳದ ಚೂರುಗಳೇ ಅದನ್ನು ಕೊಟ್ಟಾವು ಎಂದು ನಂಬಿದ. ಆದರೆ ಕ್ಷಾರೀಯವಾದ ಕಡಲ ನೀರಲ್ಲಿ ಚಿಪ್ಪು ಸುಲಭಕ್ಕೆ ಕರಗದು. 1970ರ ದಶಕದಲ್ಲಿ ತೊಟ್ಟಿಯಲ್ಲಿ ಹವಳ ಸಾಕುತ್ತಿದ್ದ ಪೀಟರ್ ವಿಲ್ಕೆನ್ಸ್ ತೋರಿದ ದಾರಿ ನಮಗೆಲ್ಲ ಗೊತ್ತಿರುವ ಸುಣ್ಣದ ತಿಳಿನೀರು. ತೊಟ್ಟಿಯಿಂದ ಆವಿಯಾದಷ್ಟು ನೀರಿನ ಬದಲು ಅದನ್ನು ಹನಿಹನಿಯಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ಪಿಎಚ್ ಏರಿ ಸುಣ್ಣ ಬಿಳಿ ಪುಡಿಯಾಗಿ ತಳ ಸೇರುತ್ತದೆ, ಹವಳ ಸಾಯಲೂಬಹುದು.

ಬೇಳೆಗೆ ಬೇಡವಾದ ಸುಣ್ಣವೇ ಹವಳಕ್ಕೆ ಜೀವ. ಹಾಗಾಗಿ ಒಳ್ಳೆಯ ನೀರು ಎಂದರೆ ಯಾರಿಗೆ ಒಳ್ಳೆಯದು ಎಂದು ಕೇಳಿ, ಅಳೆದೇ ಹೇಳಬೇಕು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ 10500 ಇಟ್ಟ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ನೀರೇ ಇಲ್ಲದಾಗ 600. ಅಕ್ಕನ ಮಗ ಒಂದು ತೊಟ್ಟಿಗಾಗಿ ವಾರವಾರ ಅಂಕಿ ಬರೆದಿಡುತ್ತಾನೆ. ಊರೆಲ್ಲ ಕುಡಿಯುವ ಬೋರ್‌ವೆಲ್‌ಗೂ ಅಷ್ಟು ಕಾಳಜಿ ಸಲ್ಲಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಪ್ರತಿ ಊರಿನ ಪಂಚಾಯಿತಿ ತನ್ನ ಗೋಡೆಯ ಮೇಲೆ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ಅಂಕಿ ಬರೆಸಲಿ. ಓದುವ ಮಕ್ಕಳನ್ನು ನಮ್ಮ ಶಾಲೆಗಳು ತಯಾರು ಮಾಡಿವೆ.