ಲೈಂಗಿಕ ದೌರ್ಜನ್ಯ: ಆಸ್ಪತ್ರೆಯಲ್ಲಿ ಸಾಕ್ಷ್ಯ ಸಂಗ್ರಹ ಹೇಗೆ? ಮನೆಯವರಿಗೆ ಗೊತ್ತಿರಬೇಕಾದ ವಿಷಯ

'ಮೊದಲು ಸ್ಟೇಷನ್‌ಗೆ ಹೋಗಿ ಲೆಟರ್ ತನ್ನಿ, ಆಮೇಲೆ ನೋಡೋಣ' ಎಂದು ಸಂತ್ರಸ್ತೆಯನ್ನು ವಾಪಸ್ ಕಳಿಸುವ ಹಾಗಿಲ್ಲ. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಂ ಇರಲಿ, ಕೂಡಲೇ ಉಚಿತ ಚಿಕಿತ್ಸೆ ಕೊಟ್ಟು ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ ಬಿಎನ್‌ಎಸ್‌ಎಸ್ ಕಲಂ 397. ಚಿಕಿತ್ಸೆ ಕೊಡದಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಪೊಲೀಸರು ಕಳಿಸದೆ ಪರೀಕ್ಷೆ ಮಾಡಲ್ಲ ಎನ್ನುವ ಗ್ರಾಮೀಣ ಭಾಗದ ಸರ್ಕಾರಿ ವೈದ್ಯರ ಧೋರಣೆಯನ್ನು ಸುಪ್ರೀಂ ಕೋರ್ಟ್ 2000ರಲ್ಲೇ ಆಕ್ಷೇಪಿಸಿತ್ತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ.

ಇಲ್ಲಿ ಟೈಮ್ ಬಹಳ ಮುಖ್ಯ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಪ್ರಕಾರ ಘಟನೆ ನಡೆದು 96 ಗಂಟೆ, ಅಂದರೆ ನಾಲ್ಕು ದಿನದ ಒಳಗೆ ದೇಹದಿಂದ ಸ್ವ್ಯಾಬ್ ತೆಗೆಯಬೇಕು. ದಿನ ಕಳೆದಂತೆ ಸಾಕ್ಷ್ಯ ಅಳಿಸುತ್ತಾ ಹೋಗುತ್ತೆ. ಎಚ್‌ಐವಿ ತಡೆಯುವ ಮಾತ್ರೆಯನ್ನೂ 72 ಗಂಟೆಯೊಳಗೆ ಶುರು ಮಾಡಬೇಕು.

ಹೆಚ್ಚಿನ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಸ್ನಾನ ಮಾಡಿಸಿ ಬಟ್ಟೆ ಒಗೆದು ಹಾಕೋದು. ಅಲ್ಲೇ ಅರ್ಧ ಸಾಕ್ಷ್ಯ ಹೋಯ್ತು. ಆದಷ್ಟು ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆ ಬದಲಿಸಿದ್ದರೆ ಹಳೆಯದನ್ನು ಪೇಪರ್‌ನಲ್ಲಿ ಸುತ್ತಿ ತನ್ನಿ, ಅಂಗಡಿಯ ಪ್ಲಾಸ್ಟಿಕ್ ಕವರ್ ಬೇಡ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಸ್ಟು ಹಿಡಿದು ಕಲೆ ಹಾಳಾಗುತ್ತೆ. ಸ್ನಾನ ಆಗಿಹೋಗಿದೆ ಅಂತ ಮಾತ್ರ ಮನೆಯಲ್ಲೇ ಕೂರಬೇಡಿ, ಆಗಲೂ ಪರೀಕ್ಷೆ ಮಾಡಬಹುದು.

ಪರೀಕ್ಷೆಗೆ ಸಂತ್ರಸ್ತೆಯ ಒಪ್ಪಿಗೆ ಬೇಕೇ ಬೇಕು. 12 ವರ್ಷದೊಳಗಿನ ಮಕ್ಕಳಿಗೆ ಪೋಷಕರು ಒಪ್ಪಿಗೆ ಕೊಡಬೇಕು. ಪರೀಕ್ಷೆ ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹೆಣ್ಣುಮಗುವಾದರೆ ಪೋಕ್ಸೊ ಪ್ರಕಾರ ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ತಂದೆ-ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಎಫ್‌ಐಆರ್ ಆಗಿರಲೇಬೇಕು ಎಂದೇನಿಲ್ಲ.

ಕೋಣೆಯಲ್ಲಿ ದೊಡ್ಡ ಕಾಗದ ಹಾಸಿ ಅದರ ಮೇಲೆ ನಿಂತು ಬಟ್ಟೆ ಬಿಚ್ಚಲು ಹೇಳುತ್ತಾರೆ. ಬಟ್ಟೆಯಿಂದ ಉದುರುವ ಕೂದಲು, ಮಣ್ಣು, ಹುಲ್ಲುಕಡ್ಡಿಯೂ ಸಾಕ್ಷ್ಯವೇ. ಗಾಯಗಳನ್ನು ಬರೆದುಕೊಳ್ಳುತ್ತಾರೆ. ಉಗುರಿನ ತುದಿ, ಸ್ವ್ಯಾಬ್, ರಕ್ತ, ಮೂತ್ರ ತೆಗೆಯುತ್ತಾರೆ. ಮತ್ತು ಬರಿಸುವ ವಸ್ತು ಕೊಟ್ಟ ಅನುಮಾನವಿದ್ದರೆ ರಕ್ತ, ಮೂತ್ರ ಬೇಗ ತೆಗೆದಷ್ಟೂ ಒಳ್ಳೆಯದು. ಸ್ವ್ಯಾಬ್ ಒಣಗಿಸಿ, ಸೀಲ್ ಹಾಕಿ, ಯಾರಿಂದ ಯಾರ ಕೈಗೆ ಹೋಯಿತು ಎಂದು ಬರೆದು ಪೊಲೀಸರ ಮೂಲಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ದಾಖಲೆಯಲ್ಲಿ ಎಲ್ಲಾದರೂ ತಪ್ಪಿದರೆ ಕೋರ್ಟ್‌ನಲ್ಲಿ ಆರೋಪಿ ಪರ ವಕೀಲರು ಹಿಡಿಯುವುದೇ ಅದನ್ನು. ವೈದ್ಯರು 7 ದಿನದೊಳಗೆ ತನಿಖಾಧಿಕಾರಿಗೆ ವರದಿ ಕೊಡಬೇಕು.

'ಎರಡು ಬೆರಳಿನ ಪರೀಕ್ಷೆ' ಮಾಡುವಂತಿಲ್ಲ. ಮಾಡಿದರೆ ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಮೈಮೇಲೆ ಗಾಯ ಇಲ್ಲ ಅಂದಮಾತ್ರಕ್ಕೆ ಏನೂ ನಡೆದಿಲ್ಲ ಎಂದಲ್ಲ. ಹೆದರಿ ಸುಮ್ಮನಿದ್ದವರಿಗೆ ಗಾಯ ಎಲ್ಲಿಂದ ಬರಬೇಕು?

ಊರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳ ಅಡ್ಮಿನ್‌ಗಳಿಗೂ ಒಂದು ಮಾತು: ಸಂತ್ರಸ್ತೆಯ ಹೆಸರು, ಗುರುತು ಸಿಗುವ ವಿವರ ಹಾಕಿದರೆ ಬಿಎನ್‌ಎಸ್ ಕಲಂ 72ರಡಿ 2 ವರ್ಷದವರೆಗೆ ಜೈಲು.

ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.