ಶೇಕಡಾ 580: ‘ಫ್ಯೂರಿ’ ಚಿತ್ರದ ಹಿಂದಿರುವ ಒಂದು ತಪ್ಪು ಓದು

ಡೇವಿಡ್ ಆಯರ್ ಅವರ ‘ಫ್ಯೂರಿ’ (2014) ಎಷ್ಟರಮಟ್ಟಿಗೆ ನಿಜ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಹೋಗಿ ನಿಲ್ಲುವುದು ಟೈಗರ್ ದೃಶ್ಯದಲ್ಲಿ. ನಾಲ್ಕು ಶರ್ಮನ್ ಟ್ಯಾಂಕುಗಳಿಗೆ ಎದುರಾಗಿ ಒಂದೇ ಒಂದು ಜರ್ಮನ್ ಟೈಗರ್. ಮೂರು ಶರ್ಮನ್ ನಾಶವಾಗುತ್ತವೆ, ಉಳಿದದ್ದು ಬಳಸಿ ಬಂದು ಟೈಗರಿನ ಬೆನ್ನಿಗೆ ಹೊಡೆಯುತ್ತದೆ. ಇಂಗ್ಲೆಂಡಿನ ಬಾವಿಂಗ್ಟನ್ ಟ್ಯಾಂಕ್ ಮ್ಯೂಸಿಯಂ ತನ್ನಲ್ಲಿದ್ದ ಅಸಲಿ ‘ಟೈಗರ್ 131’ ಅನ್ನು ಚಿತ್ರೀಕರಣಕ್ಕೆ ಕೊಟ್ಟಿತೆಂದು ಒಂದು ಪಕ್ಷ ಚಿತ್ರವನ್ನು ಮೆಚ್ಚುತ್ತದೆ. ಮರೆಯಲ್ಲಿ ನಿಂತು ದೂರದಿಂದಲೇ ಹೊಡೆಯಬಹುದಾಗಿದ್ದ ಟೈಗರ್ ಬಯಲಿಗೆ ಬಂದು ಮೈಯೊಡ್ಡಿದ್ದೇಕೆ ಎಂದು ಇನ್ನೊಂದು ಪಕ್ಷ ತಕರಾರು ತೆಗೆಯುತ್ತದೆ. ಎರಡನೆಯವರ ಮಾತಿನಲ್ಲಿ ಹುರುಳಿದೆ. ಮೊದಲನೆಯವರ ಮಾತನ್ನು ನಾನು ಒಪ್ಪಲಾರೆ: ‘131’ ತಯಾರಾದದ್ದು 1943ರ ಆರಂಭದಲ್ಲಿ, ಬ್ರಿಟಿಷರ ಕೈಗೆ ಸಿಕ್ಕಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, ಟ್ಯುನೀಷಿಯಾದಲ್ಲಿ. ಚಿತ್ರದ ಕಥೆ ನಡೆಯುವುದು 1945ರ ಏಪ್ರಿಲ್‌ನಲ್ಲಿ, ಜರ್ಮನಿಯಲ್ಲಿ. ಆ ಹೊತ್ತಿಗೆ ಟೈಗರಿನ ಗಾಲಿ, ಟರೆಟ್ಟಿನ ಮೇಲಿನ ಗುಮ್ಮಟ ಎಲ್ಲ ಬದಲಾಗಿದ್ದವು. ವಸ್ತು ಅಸಲಿಯಾದ ಮಾತ್ರಕ್ಕೆ ಘಟನೆ ಅಸಲಿಯಾಗುವುದಿಲ್ಲ.

ಈ ಜಗಳದಲ್ಲಿ ಮುಖ್ಯ ಸಂಗತಿ ಕೈತಪ್ಪಿಹೋಗಿದೆ. ಚಿತ್ರದ ಮೊದಲ ದೃಶ್ಯಕ್ಕೂ ಮುಂಚೆ ಪರದೆಯ ಮೇಲೆ ಒಂದು ಬರಹ ಬರುತ್ತದೆ. ಅಮೆರಿಕದ ಟ್ಯಾಂಕುಗಳು ಜರ್ಮನ್ ಟ್ಯಾಂಕುಗಳ ಮುಂದೆ ದುರ್ಬಲವಾಗಿದ್ದವು, ಆದ್ದರಿಂದ ಅವುಗಳೊಳಗಿದ್ದ ಸೈನಿಕರು ದಿಗಿಲು ಹುಟ್ಟಿಸುವಷ್ಟು ಸಂಖ್ಯೆಯಲ್ಲಿ ಬಲಿಯಾದರು ಎಂಬುದು ಅದರ ಸಾರ. ಯಾರೂ ಪ್ರಶ್ನಿಸದೆ ದಾಟಿಹೋಗುವ ಈ ಬರಹದ ಮೇಲೆಯೇ ಇಡೀ ಚಿತ್ರದ ದುರಂತ ನಿಂತಿದೆ. ಈ ನಂಬಿಕೆಯನ್ನು ಜನರಲ್ಲಿ ಬೇರೂರಿಸಿದ ಪುಸ್ತಕ ಯಾವುದೆಂದರೆ ಬೆಲ್ಟನ್ ಕೂಪರ್ ಅವರ ‘ಡೆತ್ ಟ್ರ್ಯಾಪ್ಸ್’ (1998). ಕೂಪರ್ ಬರೆದದ್ದು ಒಂದು, ಓದುಗರು ಓದಿಕೊಂಡದ್ದು ಇನ್ನೊಂದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಕೂಪರ್ ಟ್ಯಾಂಕಿನೊಳಗೆ ಕೂತು ಕಾದಿದವರಲ್ಲ. ಅವರು ಅಮೆರಿಕದ 3ನೇ ಆರ್ಮರ್ಡ್ ಡಿವಿಜನ್ನಿನ ದುರಸ್ತಿ ವಿಭಾಗದ ಅಧಿಕಾರಿ. ಹಗಲು ಮುಂಚೂಣಿಯ ಜೊತೆಗೇ ಸಾಗಿ, ಪೆಟ್ಟು ತಿಂದ ಟ್ಯಾಂಕುಗಳು ಎಲ್ಲೆಲ್ಲಿ ನಿಂತಿವೆ, ಯಾವುದು ರಿಪೇರಿಯಾದೀತು, ಯಾವುದು ಆಗದು ಎಂದು ಬರೆದುಕೊಳ್ಳಬೇಕು. ಕತ್ತಲಾದ ಮೇಲೆ ಜೀಪಿನಲ್ಲಿ ಹಿಂದಿನ ಸಾಲಿಗೆ ಹೋಗಿ ಆ ಪಟ್ಟಿಯನ್ನು ಖುದ್ದಾಗಿ ಒಪ್ಪಿಸಬೇಕು. ಹೊಸ ಟ್ಯಾಂಕುಗಳ ಬೇಡಿಕೆ ಹೋಗುತ್ತಿದ್ದುದು ಆ ಪಟ್ಟಿಯ ಆಧಾರದ ಮೇಲೆ. ಪುಸ್ತಕದ ಕೇಂದ್ರದಲ್ಲಿರುವ ಅಂಕಿಯೂ ಇಂಥ ಪಟ್ಟಿಗಳಿಂದಲೇ ಬಂದದ್ದು: ಡಿವಿಜನ್ ನಾರ್ಮಂಡಿಗೆ ಕಾಲಿಟ್ಟಾಗ ಅದರ ಬಳಿ 232 ಶರ್ಮನ್‌ಗಳಿದ್ದವು, ಯುದ್ಧ ಮುಗಿಯುವುದರೊಳಗೆ 648 ಶರ್ಮನ್‌ಗಳು ಪೂರ್ತಿ ನಾಶವಾದವು, ಇನ್ನೂ 700 ಪೆಟ್ಟು ತಿಂದು, ದುರಸ್ತಿಯಾಗಿ ಮತ್ತೆ ಕಾಳಗಕ್ಕಿಳಿದವು. ಒಟ್ಟು 1,348. ಇದನ್ನು 232ಕ್ಕೆ ಹೋಲಿಸಿ ಕೂಪರ್ ನಷ್ಟದ ಪ್ರಮಾಣವನ್ನು ಶೇ. 580 ಎಂದು ಹೇಳುತ್ತಾರೆ.

ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಇದನ್ನು ಸಾವಿನ ಲೆಕ್ಕವೆಂದು ಓದಿದವರಲ್ಲಿ. ಒಂದು ಶರ್ಮನ್‌ನಲ್ಲಿ ಐದು ಜನ: ಕಮಾಂಡರ್, ಗನ್ನರ್, ಲೋಡರ್, ಚಾಲಕ, ಸಹಚಾಲಕ. ಟ್ಯಾಂಕಿನ ನಷ್ಟ ಎಂದರೆ ತಂಡದ ಸಾವು ಎಂದೇ ಇಟ್ಟುಕೊಂಡರೆ 1,348 ಟ್ಯಾಂಕಿಗೆ 6,740 ಜನ ಸತ್ತಿರಬೇಕು. ದುರಸ್ತಿಯಾದವನ್ನು ಬಿಟ್ಟು ಪೂರ್ತಿ ನಾಶವಾದ 648ನ್ನೇ ಹಿಡಿದರೂ 3,240. ಆದರೆ ಇಡೀ ಡಿವಿಜನ್ನಿನಲ್ಲಿ, ಕಾಲಾಳು, ಫಿರಂಗಿ, ಎಂಜಿನಿಯರ್ ಎಲ್ಲರೂ ಸೇರಿ ಸತ್ತವರ ಸಂಖ್ಯೆ ಮೂರು ಸಾವಿರ ಮುಟ್ಟುವುದಿಲ್ಲ. ಆರ್ಮರ್ಡ್ ಡಿವಿಜನ್ನಿನಲ್ಲಿ ಹೆಚ್ಚು ಸಾವು ಆಗುತ್ತಿದ್ದುದು ಅದರ ಕಾಲಾಳು ಪಡೆಯಲ್ಲಿ ಎಂಬುದನ್ನೂ ಸೇರಿಸಿಕೊಂಡರೆ ಟ್ಯಾಂಕಿನವರ ಪಾಲು ಇನ್ನೂ ಇಳಿಯುತ್ತದೆ. ಇಷ್ಟು ಸರಳ ಗುಣಾಕಾರವನ್ನು ಮಾಡಿನೋಡದೆ ಈ ಅಂಕಿಯನ್ನು ವರ್ಷಗಟ್ಟಲೆ ಉದ್ಧರಿಸುತ್ತ ಬಂದವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ.

ಇನ್ನು ಆ 700ರ ವಿಚಾರ. ಜುಲೈಯಲ್ಲಿ ಪೆಟ್ಟು ತಿಂದು ರಿಪೇರಿಯಾದ ಟ್ಯಾಂಕು ಆಗಸ್ಟಿನಲ್ಲಿ ಮತ್ತೆ ಪೆಟ್ಟು ತಿಂದರೆ ದುರಸ್ತಿಯವರ ಪಟ್ಟಿಯಲ್ಲಿ ಅದು ಎರಡು ನಮೂದು. ಸೆಪ್ಟೆಂಬರಿನಲ್ಲಿ ಸುಟ್ಟು ಹೋದರೆ ಮೂರನೆಯದು. ಅಂದರೆ 1,348 ಎಂಬುದು ಟ್ಯಾಂಕುಗಳ ಸಂಖ್ಯೆಯೂ ಅಲ್ಲ, ಪೆಟ್ಟುಗಳ ಸಂಖ್ಯೆ. ಒಂದು ಟ್ಯಾಂಕು ಎಷ್ಟು ಸಲ ಕೆಟ್ಟು ಎಷ್ಟು ಸಲ ಎದ್ದಿತು ಎಂಬುದೇ ಕೂಪರ್ ಅವರ ವೃತ್ತಿಯ ವಿಷಯ. ಅವರ ಪುಸ್ತಕದ ಅತ್ಯುತ್ತಮ ಪುಟಗಳಿರುವುದೂ ಅಲ್ಲೇ. ಕವಚದಲ್ಲಿ ಬಿದ್ದ ತೂತಿಗೆ ಉಕ್ಕಿನ ತುಂಡು ಇಟ್ಟು ವೆಲ್ಡಿಂಗ್ ಮಾಡುವುದು, ಹರಿದ ವಯರಿಂಗ್ ಬದಲಿಸುವುದು, ಒಳಗೆ ಅಂಟಿದ ರಕ್ತಮಾಂಸವನ್ನು ತೊಳೆದು, ಹೊಸ ತಂಡದವರ ಮೂಗಿಗೆ ವಾಸನೆ ತಾಕದಿರಲೆಂದು ದಪ್ಪನೆಯ ಬಿಳಿ ಬಣ್ಣ ಬಳಿಯುವುದು. ಎಷ್ಟೇ ಬಳಿದರೂ ಕೆಲವು ಸಲ ವಾಸನೆ ಹೋಗುತ್ತಿರಲಿಲ್ಲ. ಬಣ್ಣ ಬಳಿದವರ ಬಾಯಿಂದ ಬಂದದ್ದರಿಂದಲೇ ಈ ವಿವರಕ್ಕೆ ಬೆಲೆ. ಸಾವನ್ನು ಅವರು ಕಂಡದ್ದು ನಿಜ. ಆದರೆ ಅವರು ಕಂಡದ್ದು ಪೆಟ್ಟು ತಿಂದು ತಮ್ಮ ಬಳಿಗೆ ಬಂದ ಟ್ಯಾಂಕುಗಳನ್ನು ಮಾತ್ರ; ಗೆದ್ದು ಮುಂದೆ ಹೋದವು ಅವರ ಪಟ್ಟಿಗೆ ಬರಲೇ ಇಲ್ಲ. ಪುಸ್ತಕಕ್ಕೆ ಮುನ್ನುಡಿ ಬರೆದ ಸ್ಟೀಫನ್ ಆಂಬ್ರೋಸ್ ಅವರಂಥ ಪ್ರಖ್ಯಾತ ಇತಿಹಾಸಕಾರರಾದರೂ ಈ ಮಿತಿಯನ್ನು ಓದುಗರಿಗೆ ಗಟ್ಟಿಯಾಗಿ ಹೇಳಬೇಕಿತ್ತು.

ಕೂಪರ್ ಅವರನ್ನು ಖಂಡಿಸಿದವರಲ್ಲಿ ಸ್ಟೀವನ್ ಜಲೋಗಾ ಪ್ರಮುಖರು. ಅವರ ‘ಆರ್ಮರ್ಡ್ ಥಂಡರ್‌ಬೋಲ್ಟ್’ (2008) ಶರ್ಮನ್ ಕುರಿತ ಬಹಳಷ್ಟು ಕಟ್ಟುಕತೆಗಳನ್ನು ದಾಖಲೆಗಳ ಬಲದಿಂದ ಒಡೆದಿದೆ, ನನ್ನ ಒಲವೂ ಆ ಕಡೆಗೇ. ಶರ್ಮನ್‌ಗಿಂತ ಭಾರವಾದ ಪರ್ಶಿಂಗ್ ಟ್ಯಾಂಕು ರಣರಂಗಕ್ಕೆ ಬರುವುದು ತಡವಾಗಲು ಜನರಲ್ ಪ್ಯಾಟನ್ ಕಾರಣ ಎಂಬ ಕೂಪರ್ ಆರೋಪಕ್ಕೆ ದಾಖಲೆಗಳ ಬೆಂಬಲವಿಲ್ಲ. ಆ ವಿಳಂಬದ ಬೇರು ಇದ್ದದ್ದು ಲೆಸ್ಲಿ ಮೆಕ್‌ನೇರ್ ಮುಖ್ಯಸ್ಥರಾಗಿದ್ದ ಭೂಸೇನಾ ಕಚೇರಿಯಲ್ಲಿ. ಹಾಗೆಂದು ಕೂಪರ್ ಪುಸ್ತಕವನ್ನೇ ಮೂಲೆಗೆಸೆಯುವ ಈಚಿನ ಚಾಳಿಯನ್ನು ನಾನು ಒಪ್ಪುವುದಿಲ್ಲ. ತಾವು ಕಾಣದ ಕಚೇರಿ ರಾಜಕಾರಣದ ಬಗ್ಗೆ ಅವರು ದುರ್ಬಲ ಸಾಕ್ಷಿ. ತಮ್ಮ ಕೈಯಾರೆ ಮುಟ್ಟಿದ ಟ್ಯಾಂಕುಗಳ ಬಗ್ಗೆ ಅವರಷ್ಟು ಗಟ್ಟಿ ಸಾಕ್ಷಿಗಳು ಬಹಳ ಇಲ್ಲ. ಸಾಕ್ಷಿ ಹೇಳಿದ್ದನ್ನು ಬಿಟ್ಟು ಹೇಳದ್ದನ್ನು ಕೇಳಿಸಿಕೊಂಡವರ ತಪ್ಪಿಗೆ ಸಾಕ್ಷಿಯನ್ನು ಶಿಕ್ಷಿಸಬಾರದು.

ಇನ್ನೊಂದು ಆಕರ ಇಲ್ಲಿ ನೆರವಿಗೆ ಬರುತ್ತದೆ. 1951ರಲ್ಲಿ ಕೂಕ್ಸ್ ಮತ್ತು ನೈಸವಾಲ್ಡ್ ಎಂಬ ಇಬ್ಬರು ಅಮೆರಿಕದ ಸೇನೆಗಾಗಿ ಮಿತ್ರಪಡೆಗಳ ಟ್ಯಾಂಕ್ ನಷ್ಟಗಳ ಸಮೀಕ್ಷೆ ತಯಾರಿಸಿದರು. ಅವರ ಪ್ರಕಾರ ಅರ್ಧಕ್ಕಿಂತ ತುಸು ಹೆಚ್ಚು ನಷ್ಟ ತೋಪಿನ ಹೊಡೆತದಿಂದ; ಈ ತೋಪುಗಳಲ್ಲಿ ಜರ್ಮನ್ ಟ್ಯಾಂಕಿನವು ಒಂದು ಭಾಗ ಮಾತ್ರ, ಮರೆಯಲ್ಲಿಟ್ಟ ಟ್ಯಾಂಕ್ ನಿರೋಧಕ ತೋಪುಗಳೂ ಗಾಡಿಯ ಮೇಲೆ ಕೂರಿಸಿದ ತೋಪುಗಳೂ ಅದರಲ್ಲಿ ಸೇರಿವೆ. ಸುಮಾರು ಐದನೇ ಒಂದು ಪಾಲು ನೆಲಬಾಂಬಿನಿಂದ. ಉಳಿದದ್ದರಲ್ಲಿ ಪಾಂಜರ್‌ಫೌಸ್ಟ್‌ನಂಥ ಭುಜದಿಂದ ಹಾರಿಸುವ ಆಯುಧಗಳೂ ಯಂತ್ರ ಕೆಟ್ಟದ್ದೂ ಬರುತ್ತವೆ. ನೆಲಬಾಂಬು ಸಿಡಿದರೆ ಸಾಮಾನ್ಯವಾಗಿ ಚೈನು ಹರಿಯುತ್ತದೆ, ಗಾಲಿ ಮುರಿಯುತ್ತದೆ. ಒಳಗಿದ್ದವರು ಇಳಿದು ಹೋಗುತ್ತಾರೆ, ಟ್ಯಾಂಕು ಕೂಪರ್ ಅವರಂಥವರ ಪಟ್ಟಿಗೆ ಸೇರುತ್ತದೆ. ಬೆಂಕಿಯ ಕಥೆಯೂ ಹೀಗೆಯೇ. ಶರ್ಮನ್ ಹೊತ್ತಿಕೊಳ್ಳುತ್ತಿದ್ದುದು ಪೆಟ್ರೋಲಿಗಿಂತ ಹೆಚ್ಚಾಗಿ ಪಕ್ಕದ ಕವಚಕ್ಕೆ ತಾಗಿಕೊಂಡಿದ್ದ ಮದ್ದುಗುಂಡಿನಿಂದ. ಗುಂಡುಗಳನ್ನು ಟ್ಯಾಂಕಿನ ತಳಕ್ಕೆ ಇಳಿಸಿ ಸುತ್ತ ನೀರಿನ ತೊಟ್ಟಿ ಇಟ್ಟ ಮೇಲೆ, ಕವಚ ತೂತಾದ ಟ್ಯಾಂಕುಗಳಲ್ಲಿ ಹೊತ್ತಿಕೊಳ್ಳುವವು ಶೇ. 60–80ರಿಂದ ಶೇ. 10–15ಕ್ಕೆ ಇಳಿದವೆಂದು ಅಮೆರಿಕದ ಸೇನೆಯ 1945ರ ಪರಿಶೀಲನೆ ಹೇಳುತ್ತದೆ. ಚಿತ್ರದ ‘ಫ್ಯೂರಿ’ ಪ್ರತಿನಿಧಿಸುವ 76 ಮಿ.ಮೀ. ತೋಪಿನ ಮಾದರಿ ಈ ಸುಧಾರಣೆಯಾದ ಮೇಲಿನದು.

ಎಲ್ಲಕ್ಕಿಂತ ಗಟ್ಟಿ ಪುರಾವೆ ಕೂಪರ್ ಅವರ ಡಿವಿಜನ್ನಿನೊಳಗೇ ಇದೆ. ಬ್ರಾಡ್ ಪಿಟ್ ವಹಿಸಿದ ಪಾತ್ರದ ಅಡ್ಡಹೆಸರು ‘ವಾರ್‌ಡ್ಯಾಡಿ’. ಇದೇ ಅಡ್ಡಹೆಸರಿದ್ದ ನಿಜವಾದ ಕಮಾಂಡರ್ ಟೆಕ್ಸಾಸಿನ ಲಫಾಯೆಟ್ ಪೂಲ್, 3ನೇ ಆರ್ಮರ್ಡ್ ಡಿವಿಜನ್ನಿನವರು. 1944ರ ಜೂನ್ ಕೊನೆಯಿಂದ ಸೆಪ್ಟೆಂಬರ್ 19ರವರೆಗೆ, ಮೂರು ತಿಂಗಳೂ ತುಂಬದ ಅವಧಿಯಲ್ಲಿ, ಅವರು ಮೂರು ಶರ್ಮನ್‌ಗಳನ್ನು ಕಳೆದುಕೊಂಡರು. ಮೂರಕ್ಕೂ ಒಂದೇ ಹೆಸರು: ‘ಇನ್ ದ ಮೂಡ್’. ಮೊದಲನೆಯದಕ್ಕೆ ಪಾಂಜರ್‌ಫೌಸ್ಟ್ ಹೊಡೆಯಿತು. ಎರಡನೆಯದನ್ನು ಆಗಸ್ಟಿನಲ್ಲಿ ಅಮೆರಿಕದ್ದೇ ವಿಮಾನ ತಪ್ಪಿ ಹೊಡೆದು ಕೆಡವಿತು. ಮೂರನೆಯದು ಆಖೆನ್ ಬಳಿ ಪ್ಯಾಂಥರ್ ಟ್ಯಾಂಕಿನ ಗುಂಡಿಗೆ ಬಿತ್ತು. ತಂಡದ ಒಬ್ಬ ಸೈನಿಕ ಸತ್ತರು, ಪೂಲ್ ಒಂದು ಕಾಲು ಕಳೆದುಕೊಂಡು ಊರಿಗೆ ಮರಳಿದರು. ಈ ಮೂರರಲ್ಲಿ ಟೈಗರ್ ಎಲ್ಲಿಯೂ ಇಲ್ಲ. (ವಾಯವ್ಯ ಯುರೋಪಿನಲ್ಲಿ ಅಮೆರಿಕದ ಸೇನೆಗೆ ಟೈಗರ್-1 ಎದುರಾದ ಖಚಿತ ಪ್ರಸಂಗಗಳು ಬೆರಳೆಣಿಕೆಯವು ಎಂದು ಜಲೋಗಾ ಹೇಳಿದ್ದನ್ನು ಇಲ್ಲಿ ನೆನೆಯಬೇಕು.) ದುರಸ್ತಿ ವಿಭಾಗದ ಲೆಕ್ಕದಲ್ಲಿ ಪೂಲ್ ಅವರ ಹೆಸರಿಗೆ ಮೂರು ಟ್ಯಾಂಕುಗಳ ನಷ್ಟ. ಮನುಷ್ಯರ ಲೆಕ್ಕದಲ್ಲಿ ಒಂದು ಜೀವ, ಒಂದು ಕಾಲು. ಶೇ. 580ರ ಒಳಗೆ ಇರುವುದು ಇಂಥ ಕಥೆಗಳು: ಟ್ಯಾಂಕು ಹೋಯಿತು, ತಂಡ ಇಳಿಯಿತು, ಹೊಸ ಟ್ಯಾಂಕಿಗೆ ಹಳೆಯ ಹೆಸರನ್ನೇ ಬರೆದು ಮತ್ತೆ ಹತ್ತಿತು.

ಆಯರ್ ತಮ್ಮ ನಾಯಕನಿಗೆ ಪೂಲ್ ಅವರ ಅಡ್ಡಹೆಸರನ್ನಿಟ್ಟರು, ಬದುಕನ್ನು ಮಾತ್ರ ಕೊಡಲಿಲ್ಲ. ಚಿತ್ರದ ತಂಡ ಆಫ್ರಿಕಾದಿಂದಲೂ ಜೊತೆಗಿದೆ. ‘ಫ್ಯೂರಿ’ ಅವರಿಗೆ ಮನೆ. ಆದರೆ ‘ಫ್ಯೂರಿ’ಯ ಮಾದರಿಯ ಶರ್ಮನ್ ಯುರೋಪಿಗೆ ಬಂದದ್ದೇ 1944ರ ಕೊನೆಗೆ. ಆಫ್ರಿಕಾದಿಂದ ಜರ್ಮನಿಯವರೆಗೆ ಬಂದ ತಂಡ ಆ ಹೊತ್ತಿಗೆ ಹಲವು ಟ್ಯಾಂಕುಗಳನ್ನು ಬದಲಿಸಿರಲೇಬೇಕು. ಮನರಂಜನೆಗಾಗಿ ಇತಿಹಾಸ ಸೋತದ್ದು ಟೈಗರ್ ದೃಶ್ಯದಲ್ಲಿ ಎನ್ನುವವರು ಇಲ್ಲಿ ನೋಡಬೇಕಿತ್ತು. ಚಿತ್ರದಲ್ಲಿ ಅಪ್ಪಟ ನಿಜವೂ ಇದೆ. ಟೈಪಿಸ್ಟ್ ಆಗಿದ್ದ ನಾರ್ಮನ್‌ನನ್ನು ತಂದು ಸಹಚಾಲಕನ ಜಾಗದಲ್ಲಿ ಕೂರಿಸುವುದು, ಹಿಂದಿನವನ ರಕ್ತ ಒರೆಸುವ ಕೆಲಸಕ್ಕೆ ಅವನನ್ನೇ ಹಚ್ಚುವುದು, ಒರೆಸುತ್ತಿರುವಾಗ ಮುಖದ ಚೂರು ಕೈಗೆ ಸಿಗುವುದು. ತರಬೇತಾದವರು ಸಿಗದೆ ಕೆಲವೇ ಗಂಟೆ ಕಲಿಸಿದ ಕಾಲಾಳುಗಳನ್ನು ಟ್ಯಾಂಕಿಗೆ ಹತ್ತಿಸಿದ್ದನ್ನು ಕೂಪರ್ ಬರೆದಿದ್ದಾರೆ. ನಾನು ಟ್ಯಾಂಕಿನವರ ಕಷ್ಟವನ್ನು ಹಗುರ ಮಾಡುತ್ತಿಲ್ಲ. ಟ್ಯಾಂಕಿಗೊಂದು ಪೆಟ್ಟು ಬಿದ್ದಾಗ ಸರಾಸರಿ ಒಬ್ಬರ ಆಸುಪಾಸು ಸಾಯುತ್ತಿದ್ದರು, ಇನ್ನೊಬ್ಬರು ಗಾಯಗೊಳ್ಳುತ್ತಿದ್ದರು. ಉಳಿದವರು ಇನ್ನೊಂದು ಟ್ಯಾಂಕಿಗೆ ಹತ್ತುವಾಗ ಅದು ಗೊತ್ತಿದ್ದೇ ಹತ್ತುತ್ತಿದ್ದರು. ಮತ್ತೆ ಮತ್ತೆ ಹತ್ತುವ ಆ ಭಯ ಚಿತ್ರದಲ್ಲಿ ಎಲ್ಲಿಯೂ ಬರುವುದಿಲ್ಲ.

ಕೊನೆಯ ಕಾಳಗದಲ್ಲಿ ನೆಲಬಾಂಬಿಗೆ ಚೈನು ಕಳೆದುಕೊಂಡ ‘ಫ್ಯೂರಿ’ಯೊಳಗೆ ಐವರು ಉಳಿದು ಮುನ್ನೂರರಷ್ಟು ಎಸ್‌ಎಸ್ ಸೈನಿಕರನ್ನು ಎದುರಿಸುತ್ತಾರೆ. ಇದು ಎಂದೂ ನಡೆಯದ ಮಾತು ಎಂದು ತಳ್ಳಿಹಾಕುವ ವಿಮರ್ಶಕರ ಜೊತೆಗೂ ನಾನಿಲ್ಲ. 1945ರ ಜನವರಿ 26ರಂದು ಫ್ರಾನ್ಸಿನ ಹೋಲ್ಟ್ಸ್‌ವೀರ್ ಬಳಿ ಅಮೆರಿಕದ ಸೈನಿಕ ಆಡಿ ಮರ್ಫಿ ಹೊತ್ತಿ ಉರಿಯುತ್ತಿದ್ದ ಟ್ಯಾಂಕ್ ನಿರೋಧಕ ಗಾಡಿಯ ಮೇಲೆ ಒಬ್ಬರೇ ನಿಂತು ಮೆಷಿನ್‌ಗನ್ ಹಾರಿಸಿದ್ದು ದಾಖಲಾಗಿದೆ. ನಮ್ಮಲ್ಲೇ 1971ರ ಡಿಸೆಂಬರ್ 16ರಂದು, ಬಸಂತರ್ ಕಾಳಗದಲ್ಲಿ, ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪೆಟ್ಟು ತಿಂದ ಸೆಂಚೂರಿಯನ್ ‘ಫಾಮಗುಸ್ತಾ’ವನ್ನು ಬಿಡದೆ ಹೋರಾಡಿ ಮಡಿದರು, ಅವರಿಗೆ ಪರಮವೀರ ಚಕ್ರ ಸಂದಿತು. ಈ ಪ್ರಸಂಗದಲ್ಲಿ ಸಂಶೋಧಕ ಗಮನಿಸಬೇಕಾದದ್ದು ಅವರಿಗೆ ರೇಡಿಯೊದಲ್ಲಿ ಬಂದ ಆದೇಶವನ್ನು: ಟ್ಯಾಂಕು ಬಿಟ್ಟು ಇಳಿಯಬೇಕು ಎಂಬುದೇ ಆ ಆದೇಶ. ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಅವರು ಅದನ್ನು ಒಪ್ಪಲಿಲ್ಲ. ಇಳಿಯುವುದು ರೂಢಿ, ಉಳಿಯುವುದು ರೂಢಿಗೆ ಹೊರತಾದ ಶೌರ್ಯ ಎಂಬುದು ಆ ಆದೇಶದಲ್ಲೇ ಇದೆ. ಚಿತ್ರದಲ್ಲಿ ಬಳಸಿದ ‘ಟೈಗರ್ 131’ರ ಚರಿತ್ರೆಯೂ ಅದನ್ನೇ ಹೇಳುತ್ತದೆ: ಬ್ರಿಟಿಷ್ ಚರ್ಚಿಲ್ ಟ್ಯಾಂಕುಗಳ ಗುಂಡು ತಾಗಿ ಅದರ ಟರೆಟ್ ಸಿಕ್ಕಿಕೊಂಡಾಗ ಜರ್ಮನ್ ತಂಡ ಅದನ್ನು ಬಿಟ್ಟು ಹೋಗಿತ್ತು, ಆದ್ದರಿಂದಲೇ ಅದು ಇಂದಿಗೂ ಉಳಿದಿದೆ.

ಫಾಮಗುಸ್ತಾದ ಚಾಲಕ ಪ್ರಯಾಗ್ ಸಿಂಗ್, ಗನ್ನರ್ ನಾಥು ಸಿಂಗ್ ಬದುಕಿ ಬಂದರು. ಟ್ಯಾಂಕಿನೊಳಗೆ ಕೊನೆಯ ಗಳಿಗೆಯಲ್ಲಿ ಏನಾಯಿತೆಂದು ಕಣ್ಣಾರೆ ಕಂಡು ಹೇಳಬಲ್ಲವರು ಇಂಥವರು ಮಾತ್ರ. ಪೂಲ್ ಅವರ ಮೂರು ಟ್ಯಾಂಕುಗಳ ಕಥೆ ಉಳಿದದ್ದೂ ಇಳಿದು ಬಂದವರಿಂದಲೇ. 3ನೇ ಆರ್ಮರ್ಡ್ ಡಿವಿಜನ್ನಿನ ದುರಸ್ತಿ ದಾಖಲೆಗಳನ್ನು ಅದೇ ದಿನಗಳ ಆಸ್ಪತ್ರೆ ದಾಖಲೆಗಳ ಪಕ್ಕದಲ್ಲಿಟ್ಟು, ಒಂದೊಂದು ಟ್ಯಾಂಕಿಗೆ ಒಂದೊಂದು ತಂಡವನ್ನು ಹೊಂದಿಸುತ್ತ ಓದುವ ಕೆಲಸ ಆಗಬೇಕಾಗಿದೆ. ಅಲ್ಲಿಯವರೆಗೆ ಶೇ. 580 ಎಂಬ ಅಂಕಿಯನ್ನು ಉದ್ಧರಿಸುವವರು ಅದು ಉಕ್ಕಿನ ಲೆಕ್ಕ ಎಂದು ಅದೇ ವಾಕ್ಯದಲ್ಲಿ ಹೇಳಲಿ.