ಡಿಟಿಪಿ ತಂತ್ರಾಂಶಕ್ಕೆ ವರ್ಡ್ ಕಡತಗಳ ಆಮದು

ಮೈಕ್ರೋಸಾಫ್ಟ್ ವರ್ಡ್, ಲಿಬ್ರೆಆಫೀಸ್ ರೈಟರ್ ಮೊದಲಾದ ಪದಸಂಸ್ಕಾರಕಗಳಲ್ಲಿ ಬೆರಳಚ್ಚಾದ ಬರಹವನ್ನು ಪೇಜ್‌ಮೇಕರ್, ಇನ್‌ಡಿಸೈನ್, ಸ್ಕ್ರೈಬಸ್‌ಗಳಂತಹ ಪುಟವಿನ್ಯಾಸ (ಡಿಟಿಪಿ) ತಂತ್ರಾಂಶದೊಳಕ್ಕೆ ತಂದು ಪುಟಗಳಿಗೆ ಹರಿಸುವ ಕ್ರಿಯೆಯನ್ನು ಆಮದು ಎನ್ನುತ್ತಾರೆ. ಆಲ್ಡಸ್ ಸಂಸ್ಥೆಯು 1985ರಲ್ಲಿ ಪೇಜ್‌ಮೇಕರನ್ನು ಹೊರತಂದಂದಿನಿಂದ ಬರಹ ಸಿದ್ಧವಾಗುವುದು ಒಂದೆಡೆ, ಪುಟ ಕಟ್ಟುವುದು ಇನ್ನೊಂದೆಡೆ ಎಂಬ ಹಂಚಿಕೆ ರೂಢಿಗೆ ಬಂದಿದ್ದು, 1999ರಲ್ಲಿ ಬಂದ ಇನ್‌ಡಿಸೈನ್ ಕೂಡ ಆಮದಿಗೆ ಪೇಜ್‌ಮೇಕರಿನ ‘ಪ್ಲೇಸ್’ ಎಂಬ ಆಜ್ಞೆಯ ಹೆಸರನ್ನೇ ಉಳಿಸಿಕೊಂಡಿದೆ.

ವರ್ಡ್‌ನಲ್ಲಿ ಕಾಣುವ ಪುಟದ ಅಳತೆಯಾಗಲಿ ಸಾಲುಗಳು ಮುರಿದ ಬಗೆಯಾಗಲಿ ಈ ದಾರಿಯಲ್ಲಿ ಉಳಿದು ಬರುವುದಿಲ್ಲ. ಅಕ್ಷರಗಳ ಸಂಕೇತಸರಣಿ, ಅಡಿಟಿಪ್ಪಣಿ, ಕೋಷ್ಟಕ, ಮತ್ತು ಶೀರ್ಷಿಕೆ, ಉದ್ಧರಣೆ ಮುಂತಾದವುಗಳ ಫಾಂಟು, ಗಾತ್ರ, ಅಂತರಗಳನ್ನು ಒಂದೊಂದು ಹೆಸರಿನಡಿ ಕಟ್ಟಿಡುವ ‘ಸ್ಟೈಲ್’ಗಳು ದಾಟಿ ಬರುತ್ತವೆ. ಇನ್‌ಡಿಸೈನ್‌ನ ಆಮದು ಆಯ್ಕೆಗಳಲ್ಲಿ ಮೂಲದ ಸ್ಟೈಲ್‌ಗಳನ್ನು ಉಳಿಸಿಕೊಳ್ಳಬಹುದು, ಅಳಿಸಬಹುದು, ಇಲ್ಲವೇ ಅವಕ್ಕೆ ಪುಸ್ತಕದ ವಿನ್ಯಾಸದಲ್ಲಿ ಮೊದಲೇ ಸಿದ್ಧವಿರುವ ಸ್ಟೈಲ್‌ಗಳನ್ನು ಜೋಡಿಸಬಹುದು. ಮೂರನೆಯದೇ ಲೇಸು, ಸುಮ್ಮನೆ ಉಳಿಸಿಕೊಂಡರೆ ವರ್ಡ್‌ನ ಪರದೆಬಣ್ಣಗಳೂ ಬಣ್ಣಗಳ ಪಟ್ಟಿಗೆ ಸೇರಿಕೊಂಡು ಮುದ್ರಣದ ವೇಳೆ ತೊಡಕಾಗುತ್ತವೆ. ಚಿತ್ರಗಳನ್ನಂತೂ ಪ್ರತ್ಯೇಕ ಕಡತಗಳಾಗಿ ತರಿಸಿಕೊಳ್ಳುವುದೇ ವಾಡಿಕೆ.

ಕನ್ನಡದ ಮಟ್ಟಿಗೆ ತೊಡಕಿನ ಬೇರು ಸಂಕೇತಗಳಲ್ಲೇ ಇದೆ. ‘ನುಡಿ’, ‘ಬರಹ’, ‘ಶ್ರೀಲಿಪಿ’ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಲಿಪಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದರಿಂದ, ಕಡತದಲ್ಲಿ ಆ ಫಾಂಟಿನ ಹೆಸರು ಇರುವ ತನಕ ಮಾತ್ರ ಬರಹ ಕನ್ನಡವಾಗಿ ಕಾಣುತ್ತದೆ. ಆಮದಿನಲ್ಲಿ ಫಾರ್ಮ್ಯಾಟಿಂಗ್ ಅಳಿಸಿದರೆ ಇಡೀ ಅಧ್ಯಾಯ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಅದಕ್ಕೆ ಒಟ್ಟಾಗಿ ಕನ್ನಡ ಫಾಂಟು ಹಚ್ಚಿದರೆ ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ತುಣುಕುಗಳ ಕಲಸುಮೇಲೋಗರವಾಗುತ್ತವೆ. ಇದಾದರೂ ಕಣ್ಣಿಗೆ ಬೀಳುವ ದೋಷ. ವರ್ಡ್ ತಾನಾಗಿಯೇ ಮಾಡುವ ತಿದ್ದುಪಡಿ ಇನ್ನಷ್ಟು ಗುಪ್ತವಾದದ್ದು: ವಾಕ್ಯದ ಮೊದಲ ಅಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರವಾಗಿಸಲು ಹೋಗಿ ಅದು ಸಂಕೇತವನ್ನೇ ಬದಲಿಸುವುದರಿಂದ ಒಂದು ಕನ್ನಡ ಅಕ್ಷರದ ಜಾಗದಲ್ಲಿ ಬೇರೊಂದು ಬಂದು ಕೂರುತ್ತದೆ, ಕರಡು ತಿದ್ದುವವರು ಅದನ್ನು ಬೆರಳಚ್ಚಿನ ತಪ್ಪೆಂದೇ ಎಣಿಸುತ್ತಾರೆ.

ಕನ್ನಡ ಅಕ್ಷರಗಳಿಗೆ ಸ್ವಂತ ಸಂಕೇತಗಳನ್ನು ಕೊಟ್ಟ ಯುನಿಕೋಡ್‌ನಿಂದ ಈ ಗೊಂದಲ ನೀಗಿತಾದರೂ, 2001ರ ಪೇಜ್‌ಮೇಕರ್ 7 ಅದನ್ನು ಅರಿಯದ ಕಾರಣ ಯುನಿಕೋಡ್ ಬರಹವನ್ನು ಪರಿವರ್ತಕದ ಮೂಲಕ ಹಳೆಯ ಸಂಕೇತಕ್ಕೆ ಇಳಿಸಿಯೇ ಆಮದು ಮಾಡಬೇಕಾಗುತ್ತದೆ. 2012ರ ಇನ್‌ಡಿಸೈನ್ ಸಿಎಸ್6ರಿಂದ ಕನ್ನಡಕ್ಕೆ ನೇರ ಬೆಂಬಲವಿದೆ. ಆದರೆ ಪ್ಯಾರಾ ಸ್ಟೈಲಿನಲ್ಲಿ ‘ವರ್ಲ್ಡ್‌ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತಕ್ಷರಗಳು ಕಳಚಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಆಮದಿನ ನಂತರ ಹೆಚ್ಚಿನ ಖಾಲಿಜಾಗ, ಖಾಲಿ ಪ್ಯಾರಾಗಳನ್ನು ಹುಡುಕಿ ಅಳಿಸುವಾಗಲೂ ಎಚ್ಚರ ಬೇಕು: ಕಾಣದ ಚಿಹ್ನೆಗಳೆಲ್ಲ ಕಸವೆಂದು ಗುಡಿಸಿದರೆ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಚಿಹ್ನೆಯೂ ಹೋಗಿ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂದಾಗುತ್ತದೆ.